ಚಿಕ್ಕ ಊರಿನಲ್ಲಿ ಬೆಂಕಿ ಸುರಕ್ಷತೆಯ ನಿಯಮ ಜಾರಿ ಮಾಡುವುದು ಹೇಗೆ

1984ರ ಜುಲೈನಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಸ್ಥಳೀಯ ಆಡಳಿತದಿಂದ ಒಂದು ಪತ್ರ ಹೋಯಿತು. ಜನ ಕೂತು ಆಟ ನೋಡುವ ಹಳೆಯ ಮರದ ಸ್ಟ್ಯಾಂಡಿನ ಕೆಳಗೆ ಕಸ ತುಂಬಿದೆ, ಯಾರಾದರೂ ಒಂದು ಸಿಗರೇಟಿನ ತುಂಡು ಬಿಟ್ಟರೂ ಬೆಂಕಿ ಹತ್ತಬಹುದು ಎಂದು ಅದರಲ್ಲಿ ಬರೆದಿತ್ತು. ಪತ್ರ ಬರೆದವರು ಅಪಾಯವನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಕಸ ಅಲ್ಲೇ ಉಳಿಯಿತು. 1985ರ ಮೇ 11ರಂದು ಪಂದ್ಯ ನಡೆಯುತ್ತಿದ್ದಾಗ ಆ ಕಸಕ್ಕೇ ಬೆಂಕಿ ಹತ್ತಿತು. ಕೆಲವೇ ನಿಮಿಷಗಳಲ್ಲಿ ಇಡೀ ಸ್ಟ್ಯಾಂಡ್ ಉರಿಯಿತು. 56 ಜನ ಸತ್ತರು.

ನಿಯಮ ಇರಲಿಲ್ಲ ಅಂತಲ್ಲ. ಯಾರೂ ನೋಡಲಿಲ್ಲ ಅಂತಲೂ ಅಲ್ಲ. ನೋಡಿದವರು ಮತ್ತೆ ಹೋಗಿ ನೋಡಲಿಲ್ಲ. ಚಿಕ್ಕ ಊರುಗಳಲ್ಲಿ ಬೆಂಕಿ ಸುರಕ್ಷತೆಯ ಕೆಲಸ ಜಾಸ್ತಿ ಸೋಲುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ನೋಟಿಸ್ ಕೊಟ್ಟ ದಿನ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಿಜವಾಗಿ ಅವತ್ತು ಅರ್ಧ ಕೆಲಸವೂ ಆಗಿರುವುದಿಲ್ಲ.

ನೀವು ಒಂದು ಚಿಕ್ಕ ಊರಿನ ಆಡಳಿತದಲ್ಲಿದ್ದು, ಬೆಂಕಿ ಸುರಕ್ಷತೆಯ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದ್ದರೆ ಈ ಲೇಖನ ನಿಮಗಾಗಿ. ಬಹುಶಃ ನೀವು ಒಬ್ಬರೇ ಇದ್ದೀರಿ. ಈ ಕೆಲಸದ ಜೊತೆ ಇನ್ನೂ ಎರಡು ಮೂರು ಕೆಲಸ ಇವೆ. ಅಷ್ಟು ಸಮಯದಲ್ಲೇ ಏನು ಮಾಡಬಹುದು, ಯಾವುದರಿಂದ ಶುರು ಮಾಡಬೇಕು ಎಂದು ಹೇಳುತ್ತೇನೆ. ಕಟ್ಟಡ ನಡೆಸುವವರಿಗೆ, ದೂರು ಕೊಡಬೇಕು ಅಂದುಕೊಂಡವರಿಗೆ ಕೊನೆಯಲ್ಲಿ ಒಂದೆರಡು ಮಾತು ಇವೆ.

ಹೆಜ್ಜೆ 1: ಅಧಿಕಾರ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ

ಚಿಕ್ಕ ಊರಿನಲ್ಲಿ ಒಂದು ಕಟ್ಟಡದ ಮೇಲೆ ಮೂರು ನಾಲ್ಕು ಕಚೇರಿಗಳ ಕಣ್ಣಿರುತ್ತದೆ. ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವವರು ಒಬ್ಬರು, ವ್ಯಾಪಾರದ ಲೈಸೆನ್ಸ್ ಕೊಡುವವರು ಇನ್ನೊಬ್ಬರು. ವೈರಿಂಗ್ ನೋಡುವವರು ಬೇರೆ, ಅಗ್ನಿಶಾಮಕ ದಳ ಬೇರೆ. ಹೀಗಿದ್ದಾಗ ಎಲ್ಲರೂ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಳ್ಳುತ್ತಾರೆ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಯಾವ ನಿಯಮ ಪುಸ್ತಕ ನಮ್ಮಲ್ಲಿ ಕಾನೂನಾಗಿ ಜಾರಿಯಲ್ಲಿದೆ, ಯಾವ ವರ್ಷದ ಆವೃತ್ತಿ? ಒಳಗೆ ಹೋಗಿ ತಪಾಸಣೆ ಮಾಡುವ ಅಧಿಕಾರ ಯಾರಿಗಿದೆ? ನೋಟಿಸಿಗೆ ಸಹಿ ಹಾಕುವವರು ಯಾರು? ಕಟ್ಟಡದ ಬಳಕೆ ನಿಲ್ಲಿಸಿ ಎಂದು ಹೇಳುವವರು ಯಾರು? ನೋಟಿಸ್ ತಪ್ಪು ಅನಿಸಿದರೆ ಮೇಲ್ಮನವಿ ಯಾರ ಹತ್ತಿರ?

ಆವೃತ್ತಿಯ ವಿಷಯ ಸಣ್ಣದಲ್ಲ. ಅಮೆರಿಕದಲ್ಲಿ ಎರಡು ಮಾದರಿ ನಿಯಮ ಪುಸ್ತಕಗಳು ಬಳಕೆಯಲ್ಲಿವೆ. ಒಂದು ಎನ್‌ಎಫ್‌ಪಿಎ ಎಂಬ ಬೆಂಕಿ ಸುರಕ್ಷತಾ ಸಂಸ್ಥೆಯದು, ಇನ್ನೊಂದು ಇಂಟರ್‌ನ್ಯಾಷನಲ್ ಫೈರ್ ಕೋಡ್. ಎರಡೂ ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತವೆ. ಆದರೆ ಪುಸ್ತಕ ಅಚ್ಚಾದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಆಯಾ ರಾಜ್ಯವೋ ಊರೋ ಅದನ್ನು ಒಪ್ಪಿ ಜಾರಿಗೆ ತರಬೇಕು. ಜಾರಿಗೆ ಬಾರದ ಆವೃತ್ತಿಯ ನಿಯಮ ತೋರಿಸಿ ನೋಟಿಸ್ ಕೊಟ್ಟರೆ ಮೊದಲ ಮೇಲ್ಮನವಿಯಲ್ಲೇ ಅದು ಬಿದ್ದುಹೋಗುತ್ತದೆ.

ಇನ್ನೊಂದು ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಹಳೆಯ ಕಟ್ಟಡಗಳಿಗೆ ಏನಾದರೂ ವಿನಾಯಿತಿ ಇದೆಯಾ? ಷಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆ 1958ರ ಅಕ್ಟೋಬರಿನಲ್ಲಿ ಬೆಂಕಿ ತಪಾಸಣೆಯಲ್ಲಿ ಪಾಸಾಗಿತ್ತು. ಹೊಸ ನಿಯಮ ಹಳೆಯ ಶಾಲೆಗಳಿಗೆ ಅನ್ವಯ ಆಗುತ್ತಿರಲಿಲ್ಲ. ಬೆಂಕಿ ಬಿದ್ದಾಗ ಚಾವಣಿಯಿಂದ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ, ಅಲಾರಂ ಅಗ್ನಿಶಾಮಕ ದಳಕ್ಕೆ ಕೇಳುವಂತಿರಲಿಲ್ಲ. ಹೊಗೆ ಮೇಲೆ ಏರದಂತೆ ಮಹಡಿಯಲ್ಲಿ ಮೆಟ್ಟಿಲಿಗೆ ಬಾಗಿಲೂ ಇರಲಿಲ್ಲ. ಡಿಸೆಂಬರ್ 1ರಂದು ಬೆಂಕಿ ಬಿದ್ದು 92 ಮಕ್ಕಳು, 3 ಸಂನ್ಯಾಸಿನಿಯರು ಸತ್ತರು. ನಿಮ್ಮಲ್ಲೂ ಇಂಥ ವಿನಾಯಿತಿ ಇದ್ದರೆ ಅದನ್ನು ಬದಲಾಯಿಸುವುದು ಮೇಲಿನವರ ಕೆಲಸ. ಆದರೆ ಯಾವ ಕಟ್ಟಡಕ್ಕೆ ವಿನಾಯಿತಿ ಸಿಕ್ಕಿದೆ, ಅದರಿಂದ ಏನು ಅಪಾಯ ಎಂದು ಬರೆದು ಊರಿನ ಆಡಳಿತ ಸಭೆಯ ಮುಂದೆ ಇಡುವುದು ನಿಮ್ಮ ಕೆಲಸ. ಕಾನೂನು ಒತ್ತಾಯ ಮಾಡದಿದ್ದರೂ ಮೆಟ್ಟಿಲಿಗೆ ಒಂದು ಬಾಗಿಲು ಹಾಕಿಸಿ ಎಂದು ಕೇಳುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಹೆಜ್ಜೆ 2: ಕಟ್ಟಡಗಳ ಪಟ್ಟಿ ಮಾಡಿ

ಪಟ್ಟಿಯಲ್ಲಿ ಇಲ್ಲದ ಕಟ್ಟಡಕ್ಕೆ ಯಾರೂ ಹೋಗುವುದಿಲ್ಲ. 2016ರ ಡಿಸೆಂಬರ್ 2ರ ರಾತ್ರಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಘೋಸ್ಟ್ ಶಿಪ್ ಎಂದು ಕರೆಯುತ್ತಿದ್ದ ಗೋದಾಮಿನಲ್ಲಿ 36 ಜನ ಸತ್ತರು. ಕಾಗದದಲ್ಲಿ ಅದು ಗೋದಾಮು. ಒಳಗೆ ಕಲಾವಿದರು ವಾಸ ಮಾಡುತ್ತಿದ್ದರು, ಮೇಲಿನ ಮಹಡಿಯಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತಿತ್ತು. ಅಲ್ಲಿ ತಪಾಸಣೆ ನಡೆದ ದಾಖಲೆಯೇ ಅಗ್ನಿಶಾಮಕ ಇಲಾಖೆಯಲ್ಲಿ ಇರಲಿಲ್ಲ.

ಹಾಗಾಗಿ ಪಟ್ಟಿಯನ್ನು ಕಚೇರಿಯ ಫೈಲ್ ನೋಡಿ ಮಾಡಬೇಡಿ. ತೆರಿಗೆ ಪುಸ್ತಕ, ಲೈಸೆನ್ಸ್ ಪುಸ್ತಕ ಎರಡನ್ನೂ ಜೊತೆಗೆ ಇಟ್ಟುಕೊಂಡು ಬೀದಿ ಬೀದಿ ನಡೆಯಿರಿ. ಚಿಕ್ಕ ಊರಿನ ಅನುಕೂಲ ಇದು, ನಾಲ್ಕೈದು ದಿನ ನಡೆದರೆ ಊರೆಲ್ಲ ಮುಗಿಯುತ್ತದೆ. ಪ್ರತಿ ಕಟ್ಟಡದ ಎದುರು ಒಂದೇ ಪ್ರಶ್ನೆ ಬರೆದುಕೊಳ್ಳಿ: ಈಗ ಇಲ್ಲಿ ಏನು ನಡೆಯುತ್ತಿದೆ? ಮೊದಲು ಏನಿತ್ತು ಅನ್ನುವುದು ಬೇಡ. ಮನೆಯಾಗಿದ್ದದ್ದು ಟ್ಯೂಷನ್ ಸೆಂಟರ್ ಆಗಿರುತ್ತದೆ. ಗೋದಾಮು ಸಮಾರಂಭದ ಹಾಲ್ ಆಗಿರುತ್ತದೆ. ಅಂಗಡಿಯ ಮೇಲಿನ ಸಾಮಾನು ಇಡುವ ಕೋಣೆಯಲ್ಲಿ ಈಗ ನಾಲ್ಕು ಜನ ಮಲಗುತ್ತಿರುತ್ತಾರೆ. ಬಳಕೆ ಬದಲಾದಾಗ ಅಪಾಯವೂ ಬದಲಾಗುತ್ತದೆ, ಆದರೆ ಕಾಗದ ಬದಲಾಗಿರುವುದಿಲ್ಲ.

ಪಟ್ಟಿ ಆದ ಮೇಲೆ ಮೂರು ಭಾಗ ಮಾಡಿ. ಜನ ಮಲಗುವ ಕಡೆ, ತುಂಬಾ ಜನ ಸೇರುವ ಕಡೆ, ತಾವಾಗಿ ಎದ್ದು ಓಡಲಾಗದವರು ಇರುವ ಕಡೆ ಮೊದಲ ಭಾಗಕ್ಕೆ ಬರಲಿ. ಅಂದರೆ ಲಾಡ್ಜ್, ಹಾಸ್ಟೆಲ್, ಆಸ್ಪತ್ರೆ, ವೃದ್ಧಾಶ್ರಮ, ಶಾಲೆ, ಸಿನಿಮಾ ಮಂದಿರ, ಹಾಲ್. ಅಡುಗೆ, ಗ್ಯಾಸ್, ಬಣ್ಣ, ಮರ, ಬಟ್ಟೆಯ ಕೆಲಸ ಇರುವ ಕಡೆಗಳು ಎರಡನೆಯದಕ್ಕೆ. ಉಳಿದವು ಮೂರನೆಯದಕ್ಕೆ. ಎನ್‌ಎಫ್‌ಪಿಎ ಮಾನದಂಡದ ಪ್ರಕಾರ ಹೆಚ್ಚು ಅಪಾಯದ ಕಟ್ಟಡಗಳಿಗೆ ವರ್ಷಕ್ಕೊಮ್ಮೆ, ಮಧ್ಯಮದವಕ್ಕೆ ಎರಡು ವರ್ಷಕ್ಕೊಮ್ಮೆ, ಕಡಿಮೆ ಅಪಾಯದವಕ್ಕೆ ಮೂರು ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು.

ಇದು ಆಗದ ಕೆಲಸ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡೋಣ. ಊರಿನಲ್ಲಿ ಇಂಥ 240 ಕಟ್ಟಡ ಇವೆ ಎಂದಿಟ್ಟುಕೊಳ್ಳಿ. ಮೊದಲ ಭಾಗದಲ್ಲಿ 40, ಎರಡನೆಯದರಲ್ಲಿ 80, ಮೂರನೆಯದರಲ್ಲಿ 120. ವರ್ಷಕ್ಕೆ 40, 40, 40, ಒಟ್ಟು 120 ಭೇಟಿ. ಅರ್ಧದಷ್ಟು ಕಡೆ ಎರಡನೇ ಸಲ ಹೋಗಬೇಕಾದರೂ 180. ವಾರಕ್ಕೆ ನಾಲ್ಕು ಭೇಟಿಗಿಂತ ಕಡಿಮೆ. ವಾರದಲ್ಲಿ ಎರಡು ಮಧ್ಯಾಹ್ನ ಇದಕ್ಕೇ ಅಂತ ಇಟ್ಟರೆ ಒಬ್ಬರಿಂದಲೇ ಆಗುತ್ತದೆ. ಆ ಎರಡು ಮಧ್ಯಾಹ್ನಗಳನ್ನು ಬೇರೆ ಕೆಲಸಕ್ಕೆ ಎಳೆಯಬಾರದು ಎಂದು ಸಭೆಯಲ್ಲಿ ತೀರ್ಮಾನ ಮಾಡಿಸಿಕೊಳ್ಳಿ.

ಪಟ್ಟಿಯ ಮೊದಲ ಸಾಲಿನಲ್ಲಿ ಆಡಳಿತದ ಸ್ವಂತ ಕಟ್ಟಡಗಳು ಇರಲಿ. ಕಚೇರಿ, ಸಮುದಾಯ ಭವನ, ವಾಚನಾಲಯ. ನಮ್ಮದನ್ನೇ ಸರಿ ಮಾಡಿಕೊಳ್ಳದೆ ಇನ್ನೊಬ್ಬರ ಬಾಗಿಲು ತಟ್ಟಿದರೆ ಮೊದಲ ದಿನವೇ ಮಾತು ಕೇಳಬೇಕಾಗುತ್ತದೆ. ಅದು ನ್ಯಾಯವೂ ಹೌದು.

ಹೆಜ್ಜೆ 3: ಹೋಗಿ ನೋಡುವುದು

ಮೊದಲು ತಿಳಿಸಿ ಹೋಗಬೇಕಾ, ತಿಳಿಸದೆ ಹೋಗಬಹುದಾ ಎಂಬುದು ನಿಮ್ಮ ಕಾನೂನಿನ ಮೇಲೆ ನಿಂತಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಎರಡು ತೀರ್ಪುಗಳಲ್ಲಿ ಒಂದು ಗೆರೆ ಎಳೆಯಿತು. ಮಾಲೀಕರು ಒಪ್ಪದಿದ್ದರೆ ತಪಾಸಣೆಗೆ ವಾರಂಟ್ ಬೇಕು, ಆದರೆ ಊರಿನ ಆ ಭಾಗದಲ್ಲಿ ಕ್ರಮವಾಗಿ ತಪಾಸಣೆ ನಡೆಯುತ್ತಿದೆ ಎಂದು ತೋರಿಸಿದರೂ ವಾರಂಟ್ ಸಿಗುತ್ತದೆ ಎಂದಿತು. ಪಟ್ಟಿ ಇಟ್ಟುಕೊಂಡು ಸರದಿಯಂತೆ ಹೋಗುವವರಿಗೆ ಬೇರೆ ಕಡೆಯೂ ಇಂಥ ಬಲ ಸಿಗಬಹುದು. ನಮಸ್ಕಾರ ಹೇಳಿ, ಗುರುತಿನ ಚೀಟಿ ತೋರಿಸಿ, ಅರ್ಧ ಗಂಟೆ ಬೇಕು ಎಂದರೆ ಜಾಸ್ತಿ ಜನ ಒಳಗೆ ಬಿಡುತ್ತಾರೆ. ಅಲ್ಲಿಯ ಜವಾಬ್ದಾರಿ ಇರುವವರನ್ನು ಜೊತೆಗೆ ಕರೆದುಕೊಂಡೇ ಸುತ್ತಿ. ಅವರ ಕಣ್ಣಿಗೂ ಅದು ಬೀಳಬೇಕು.

ಹೋಗುವ ಹೊತ್ತು ಬಹಳ ಮುಖ್ಯ. ಬೆಳಿಗ್ಗೆ 11 ಗಂಟೆಗೆ ಖಾಲಿ ಹಾಲ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಲ್ ತುಂಬಿದ ಸಂಜೆ ಹೋಗಿ. ಹಾಸ್ಟೆಲ್ಲಿಗೆ ರಾತ್ರಿ ಊಟದ ಮೇಲೆ ಹೋಗಿ, ಗೇಟಿಗೆ ಬೀಗ ಹಾಕಿರುತ್ತಾರಾ ನೋಡಿ. ಅಂಗಡಿಗೆ ಹೊಸ ಮಾಲು ಬಂದ ವಾರ ಹೋಗಿ.

ಒಳಗೆ ಕಾಲಿಟ್ಟ ಮೇಲೆ ಮೊದಲು ಬಾಗಿಲು. ಬೆಂಕಿ ಆರಿಸುವ ಸಿಲಿಂಡರ್, ಅಲಾರಂ ಎಲ್ಲ ಆಮೇಲೆ. ಬೆಂಕಿಯ ಇತಿಹಾಸವೆಲ್ಲ ಬಾಗಿಲುಗಳದ್ದೇ ಕಥೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು. 146 ಕೆಲಸಗಾರರು ಸತ್ತರು, ಅವರಲ್ಲಿ ಬಹುಪಾಲು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕನಟ್ ಗ್ರೋವ್ ಕ್ಲಬ್ಬಿನಲ್ಲಿ ಜನ ಮುಂದಿನ ತಿರುಗುವ ಬಾಗಿಲಿಗೆ ನುಗ್ಗಿ ಅದು ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಇತ್ತು, ಕೆಲವು ಒಳಕ್ಕೆ ತೆರೆಯುತ್ತಿದ್ದವು. 492 ಜನ ಸತ್ತರು. ಆ ಕ್ಲಬ್ಬನ್ನು ತಪಾಸಣೆ ಮಾಡಿ ಚೆನ್ನಾಗಿದೆ ಎಂದು ಬರೆದು ಎಂಟೇ ದಿನ ಆಗಿತ್ತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಸಿನಿಮಾ ಮಂದಿರದ ಬಾಲ್ಕನಿಯಲ್ಲಿ, ಜಾಸ್ತಿ ಸೀಟು ಹಾಕಲು ಹೋಗಿ ಒಂದು ಬದಿಯ ದಾರಿಯನ್ನೇ ಮುಚ್ಚಿದ್ದರು. ಕೆಳಗೆ ಟ್ರಾನ್ಸ್‌ಫಾರ್ಮರಿಗೆ ಹತ್ತಿದ ಬೆಂಕಿಯ ಹೊಗೆ ಮೇಲಕ್ಕೆ ಬಂದಾಗ 59 ಜನಕ್ಕೆ ಹೊರಬರಲು ಆಗಲಿಲ್ಲ.

ಹಾಗಾಗಿ ಪ್ರತಿ ಬಾಗಿಲನ್ನೂ ನೀವೇ ಕೈಯಿಟ್ಟು ತಳ್ಳಿ. ಬೀಗ, ಅಗುಳಿ, ಚಿಲಕ, ಸರಪಳಿ ಏನಿದೆ? ಬೀಗದ ಕೈ ಇಲ್ಲದೆ, ಕತ್ತಲೆಯಲ್ಲಿ, ಒಂದೇ ಸಲ ತಳ್ಳಿದರೆ ತೆರೆಯುತ್ತದಾ? "ಕೀ ನಮ್ಮ ಹುಡುಗನ ಹತ್ತಿರ ಇದೆ" ಎಂಬ ಉತ್ತರ ಬಂದರೆ ಆ ಬಾಗಿಲು ಇಲ್ಲ ಎಂದೇ ಬರೆದುಕೊಳ್ಳಿ. 50 ಜನರಿಗಿಂತ ಜಾಸ್ತಿ ಸೇರುವ ಜಾಗವಾದರೆ ಬಾಗಿಲು ಹೊರಕ್ಕೆ ತೆರೆಯಬೇಕು, ಬೇರೆ ಬೇರೆ ದಿಕ್ಕಿನಲ್ಲಿ ಎರಡಾದರೂ ದಾರಿ ಇರಬೇಕು. ಬಾಗಿಲು ದಾಟಿ ಹೊರಗೂ ಹೋಗಿ. ಹಿಂದಿನ ಬಾಗಿಲು ತೆರೆದರೆ ಎದುರಿಗೆ ಪಕ್ಕದವರ ಗೋಡೆ, ಅಥವಾ ಬೈಕುಗಳ ಸಾಲು. ಬೀದಿ ಮುಟ್ಟುವವರೆಗೆ ನಡೆದರೆ ಮಾತ್ರ ಅದು ದಾರಿ.

ಆಮೇಲೆ ಜನರ ಲೆಕ್ಕ. ಎಷ್ಟು ಜನ ಹಿಡಿಯುತ್ತಾರೆ ಎಂದು ಮಾಲೀಕರನ್ನು ಕೇಳಿ ಬರೆದುಕೊಳ್ಳಬೇಡಿ, ಟೇಪ್ ಹಿಡಿದು ಅಳೆಯಿರಿ. ಅಮೆರಿಕದ ನಿಯಮದಲ್ಲಿ ಮೇಜು ಕುರ್ಚಿ ಹಾಕಿದ ಜಾಗಕ್ಕೆ ತಲೆಗೆ ಸುಮಾರು 1.4 ಚದರ ಮೀಟರ್, ಬರೀ ಕುರ್ಚಿ ಹಾಕಿದರೆ 0.65 ಚದರ ಮೀಟರ್. 15 ಮೀಟರ್ ಉದ್ದ, 12 ಮೀಟರ್ ಅಗಲದ ಹಾಲಿನಲ್ಲಿ ಊಟದ ಮೇಜು ಹಾಕಿದರೆ 128 ಜನ, ಸಾಲು ಕುರ್ಚಿ ಹಾಕಿದರೆ 276 ಜನ. ಹಾಲ್ ಒಂದೇ, ಬಾಗಿಲೂ ಅವೇ, ಜನ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಈ ಎರಡೂ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಒಳಗೆ ಬರುವ ಬಾಗಿಲ ಹತ್ತಿರ ಹಾಕಿಸಿ. ಜನರೇ ಓದಿ ಎಣಿಸಲಿ.

ಮೂರನೆಯದು, ತಲೆ ಎತ್ತಿ ಗೋಡೆ ಮತ್ತು ಚಾವಣಿ ನೋಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣ ಇದೆ. 2003ರ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್ ಎಂಬ ಊರಿನಲ್ಲಿ ಸ್ಟೇಷನ್ ಎಂಬ ಕ್ಲಬ್ಬಿಗೆ ಬೆಂಕಿ ಬಿದ್ದು 100 ಜನ ಸತ್ತರು. ವೇದಿಕೆಯ ಪಟಾಕಿಯ ಕಿಡಿ ಗೋಡೆಗೆ ಅಂಟಿಸಿದ್ದ ಫೋಮಿಗೆ ತಾಗಿತ್ತು. ಸದ್ದು ಹೊರಗೆ ಹೋಗದಿರಲಿ ಎಂದು ಹಾಕಿದ್ದ ಫೋಮ್ ಅದು. ಒಂದೂವರೆ ನಿಮಿಷದಲ್ಲಿ ಅಲ್ಲಿ ಉಸಿರಾಡಿ ನಿಲ್ಲಲು ಆಗದ ಸ್ಥಿತಿ ಬಂತು. ಆ ಕಟ್ಟಡಕ್ಕೆ ಊರಿನ ತಪಾಸಣಾಧಿಕಾರಿ ಹಲವು ಸಲ ಹೋಗಿದ್ದರು. ಒಳಕ್ಕೆ ತೆರೆಯುವ ಒಂದು ಬಾಗಿಲಿನ ಬಗ್ಗೆ ಮತ್ತೆ ಮತ್ತೆ ಬರೆದಿದ್ದರು. ಫೋಮ್ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯ ತಪ್ಪಿನ ಪಟ್ಟಿ ಹಿಡಿದುಕೊಂಡು ಹೋದಾಗ ನಮ್ಮ ಕಣ್ಣು ಅಷ್ಟನ್ನೇ ಹುಡುಕುತ್ತದೆ. ಆದ್ದರಿಂದ ಮೊದಲು ಪಟ್ಟಿ ಜೇಬಿನಲ್ಲಿಟ್ಟು ಸುಮ್ನೆ ಒಂದು ಸುತ್ತು ಹಾಕಿ. ಕಳೆದ ಸಲಕ್ಕಿಂತ ಏನು ಹೊಸದು ಬಂದಿದೆ ನೋಡಿ. ಆಮೇಲೆ ಪಟ್ಟಿ ತೆಗೆಯಿರಿ. ಫೋಮ್, ಥರ್ಮಾಕೋಲ್, ಪ್ಲಾಸ್ಟಿಕ್ ಹಾಳೆ, ಗರಿ, ಹುಲ್ಲು, ಬಟ್ಟೆಯ ಅಲಂಕಾರ ಇವೆಲ್ಲ ಅನುಮಾನದ ವಸ್ತುಗಳೇ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸತ್ತದ್ದು ಗರಿಯ ಸೂರಿಗೆ ಅಡುಗೆಮನೆಯ ಬೆಂಕಿ ಏರಿ.

ಉಳಿದದ್ದನ್ನು ಬೇಗ ಹೇಳುತ್ತೇನೆ, ಇವು ಅಭ್ಯಾಸವಾದರೆ ಹತ್ತು ನಿಮಿಷದ ಕೆಲಸ. ಮೀಟರ್ ಬೋರ್ಡಿನ ಮುಂದೆ 90 ಸೆಂಟಿಮೀಟರ್ ಜಾಗ ಖಾಲಿ ಇರಬೇಕು, ರಟ್ಟಿನ ಡಬ್ಬ ಒತ್ತಿಟ್ಟಿರಬಾರದು. ಎಕ್ಸ್‌ಟೆನ್ಶನ್ ವೈರ್ ಕಾಯಂ ವೈರಿಂಗ್ ಆಗಿರಬಾರದು. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿರಬೇಕು, ತಿಂಗಳಿಗೊಮ್ಮೆ ನೋಡಿ ಚೀಟಿಯಲ್ಲಿ ಸಹಿ ಹಾಕಿರಬೇಕು, ವರ್ಷಕ್ಕೊಮ್ಮೆ ಸರ್ವಿಸ್ ಆಗಿರಬೇಕು. ಬಳಸಲು ಗೊತ್ತಿದೆಯಾ ಎಂದು ಅಲ್ಲಿ ಕೆಲಸ ಮಾಡುವ ಒಬ್ಬರನ್ನು ಕೇಳಿ. ಎಮರ್ಜೆನ್ಸಿ ಲೈಟಿನ ಬಟನ್ ಒತ್ತಿ 30 ಸೆಕೆಂಡ್ ಉರಿಯುತ್ತದಾ ನೋಡಿ. ಸ್ಪ್ರಿಂಕ್ಲರ್ ಇದ್ದರೆ ಅದರ ಕೆಳಗೆ 45 ಸೆಂಟಿಮೀಟರ್ ಒಳಗೆ ಸಾಮಾನು ಪೇರಿಸಿರಬಾರದು. ದೊಡ್ಡ ಅಡುಗೆಮನೆಯಲ್ಲಿ ಹೊಗೆ ಎಳೆಯುವ ಚಿಮಣಿಯ ಒಳಗೆ ಟಾರ್ಚ್ ಬಿಡಿ, ಎಣ್ಣೆ ಜಿಡ್ಡು ಎಷ್ಟು ಕಟ್ಟಿದೆ ಕಾಣುತ್ತದೆ. ಸೌದೆ, ಇದ್ದಿಲಿನ ಒಲೆಯಾದರೆ ತಿಂಗಳಿಗೊಮ್ಮೆ ಚಿಮಣಿ ನೋಡಿಸಿ ಜಿಡ್ಡು ತೆಗೆಸಬೇಕು, ಹಗಲು ರಾತ್ರಿ ನಡೆಯುವ ಅಡುಗೆಮನೆಯಾದರೆ ಮೂರು ತಿಂಗಳಿಗೊಮ್ಮೆ, ಸಾಧಾರಣ ಬಳಕೆಯದ್ದಾದರೆ ಆರು ತಿಂಗಳಿಗೊಮ್ಮೆ. ಹೊರಗೆ ಬಂದ ಮೇಲೆ ಬೆಂಕಿ ಆರಿಸುವ ಗಾಡಿ ಇಲ್ಲಿಯವರೆಗೆ ಬರುತ್ತದಾ ಎಂದು ರಸ್ತೆ ನೋಡಿ. ಸುಮಾರು 6 ಮೀಟರ್ ಅಗಲ ಬೇಕು.

ಹೆಜ್ಜೆ 4: ನೋಟಿಸ್ ಬರೆಯುವುದು

"ಬೆಂಕಿ ಸುರಕ್ಷತೆಯ ಕ್ರಮಗಳನ್ನು ಕೈಗೊಳ್ಳತಕ್ಕದ್ದು" ಎಂದು ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಓದಿದವರು ಎದ್ದು ಹೋಗಿ ಕೆಲಸ ಶುರು ಮಾಡುವಂತೆ ಬರೆಯಿರಿ. ಹೀಗೆ:

"ಹಿಂಬದಿಯ ಬಾಗಿಲಿಗೆ ಹಾಕಿರುವ ಸರಪಳಿ ಮತ್ತು ಬೀಗವನ್ನು ಇವತ್ತೇ, ನಾನು ಇಲ್ಲಿರುವಾಗಲೇ ತೆಗೆಯಬೇಕು. ಮೆಟ್ಟಿಲ ಕೆಳಗಿನ 14 ರಟ್ಟಿನ ಡಬ್ಬಗಳನ್ನು 7 ದಿನದೊಳಗೆ ಬೇರೆ ಕಡೆ ಸಾಗಿಸಬೇಕು. ಮುಖ್ಯ ಬಾಗಿಲು ಹೊರಕ್ಕೆ ತೆರೆಯುವಂತೆ 30 ದಿನದೊಳಗೆ ಬದಲಾಯಿಸಬೇಕು. ಮುಂದಿನ ತಿಂಗಳು ಇಂಥ ದಿನ, ಸಂಜೆ 4 ಗಂಟೆಗೆ ನಾನು ಮತ್ತೆ ಬಂದು ನೋಡುತ್ತೇನೆ."

ಪ್ರತಿ ಸಾಲಿನ ಪಕ್ಕದಲ್ಲಿ ನಿಯಮದ ಸಂಖ್ಯೆ ಇರಲಿ. ಮೇಲ್ಮನವಿ ಎಲ್ಲಿ, ಎಷ್ಟು ದಿನದೊಳಗೆ ಎಂದು ಕೆಳಗೆ ಇರಲಿ. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಅಗ್ನಿಶಾಮಕ ದಳಕ್ಕೆ. ಆ ಕಟ್ಟಡಕ್ಕೆ ಬೆಂಕಿ ಬಿದ್ದರೆ ಒಳಗೆ ನುಗ್ಗುವವರು ಅವರು. ಹಿಂಬಾಗಿಲು ಮುಚ್ಚಿದೆ ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು.

ಯಾವುದಕ್ಕೆ ಎಷ್ಟು ದಿನ? ನನ್ನ ಅಳತೆ ಸರಳ. ಜನ ಹೊರಬರುವ ದಾರಿಗೆ ಅಡ್ಡ ಇರುವುದಕ್ಕೆ ಒಂದು ದಿನವೂ ಇಲ್ಲ, ಆಗಲೇ ಆಗಬೇಕು. ಸಾಮಾನು ಸರಿಸುವುದಕ್ಕೆ, ಸಿಲಿಂಡರ್ ತುಂಬಿಸುವುದಕ್ಕೆ ಒಂದು ವಾರ. ಬಡಗಿ, ಎಲೆಕ್ಟ್ರಿಷಿಯನ್, ಗಾರೆ ಕೆಲಸ ಬೇಕಾದದ್ದಕ್ಕೆ ಒಂದು ತಿಂಗಳು. ಅದಕ್ಕಿಂತ ದೊಡ್ಡದಾದರೆ ಕಂತಿನಲ್ಲಿ, ಪ್ರತಿ ಕಂತಿಗೂ ಒಂದು ತಾರೀಕು. ಅಲ್ಲಿಯವರೆಗೆ ಏನು ವ್ಯವಸ್ಥೆ ಎಂಬುದನ್ನೂ ಬರೆಯಿರಿ. ಅಲಾರಂ ಕೆಟ್ಟಿದ್ದರೆ ಅದು ಸರಿಯಾಗುವವರೆಗೆ ರಾತ್ರಿ ಒಬ್ಬರು ಎಚ್ಚರವಾಗಿದ್ದು ಮಹಡಿ ಸುತ್ತಬೇಕು.

ಹೆಜ್ಜೆ 5: ಎರಡನೇ ಸಲ ಹೋಗುವುದು

ಬರೆದ ದಿನ, ಬರೆದ ಹೊತ್ತಿಗೆ ಹೋಗಿ. ಒಂದು ದಿನ ತಡವಾದರೂ ಊರಿಗೆಲ್ಲ ಗೊತ್ತಾಗುತ್ತದೆ, ಇವರು ಬರುವುದಿಲ್ಲ ಎಂದು. ಒಂದು ಸಲ ಸರಿಯಾಗಿ ಹೋದರೆ ಅದೂ ಊರಿಗೆಲ್ಲ ಗೊತ್ತಾಗುತ್ತದೆ. ಮುಂದಿನ ಬೀದಿಯವರು ನೀವು ಹೋಗುವ ಮೊದಲೇ ಮೆಟ್ಟಿಲು ಖಾಲಿ ಮಾಡಿಟ್ಟಿರುತ್ತಾರೆ.

ಮೊದಲ ದಿನ ತೆಗೆದ ಫೋಟೋಗಳನ್ನು ಜೊತೆಗೆ ಒಯ್ಯಿರಿ. ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಎರಡು ಫೋಟೋ ಪಕ್ಕ ಪಕ್ಕ ಇದ್ದರೆ ವಾದವೇ ಬೇಕಾಗುವುದಿಲ್ಲ. ಕೆಲಸ ಆಗಿದ್ದರೆ ಅಲ್ಲೇ ಬರೆದುಕೊಡಿ, ಥ್ಯಾಂಕ್ಸ್ ಹೇಳಿ. ಅವರು ದುಡ್ಡು ಹಾಕಿ, ವ್ಯಾಪಾರ ಬಿಟ್ಟು ಮಾಡಿರುತ್ತಾರೆ. ಅರ್ಧ ಆಗಿದ್ದರೆ ಕಾರಣ ಕೇಳಿ. ಬಡಗಿ ಸಿಗಲಿಲ್ಲ, ಸಾಮಾನು ಬರಲಿಲ್ಲ ಅನ್ನುವುದು ನಿಜವಾದ ಕಾರಣಗಳೇ. ರಸೀದಿಯೋ ಆರ್ಡರ್ ಕೊಟ್ಟ ಕಾಗದವೋ ತೋರಿಸಿದರೆ ಒಂದು ಸಲ, ಒಂದೇ ಒಂದು ಸಲ, ಬರಹದಲ್ಲಿ ದಿನ ಮುಂದೂಡಿ. ಬಾಯಿ ಮಾತಿನಲ್ಲಿ ಮುಂದೂಡಬೇಡಿ. ಏನೂ ಆಗಿರದಿದ್ದರೆ ಮುಂದಿನ ಹೆಜ್ಜೆ.

ಆರು ತಿಂಗಳ ಮೇಲೆ ಹೇಳದೆ ಒಮ್ಮೆ ಆ ಕಡೆ ಹೋಗಿ ಬನ್ನಿ. ಸರಪಳಿ ಮತ್ತೆ ಬಂದಿರುತ್ತದೆ. ಕಳ್ಳತನದ ಭಯ ಅವರಿಗೆ ದಿನವೂ ಇದೆ, ಬೆಂಕಿಯ ಭಯ ನೀವು ಬಂದ ದಿನ ಮಾತ್ರ. ಅದಕ್ಕೆ ಬೈದು ಪ್ರಯೋಜನವಿಲ್ಲ. ಹೊರಗಿನಿಂದ ತೆರೆಯಲಾಗದ, ಒಳಗಿನಿಂದ ಅಡ್ಡ ಪಟ್ಟಿ ತಳ್ಳಿದರೆ ತೆರೆಯುವ ಬೀಗ ಸಿಗುತ್ತದೆ. 1903ರಲ್ಲಿ ಷಿಕಾಗೋದ ಇರೊಕ್ವಾ ನಾಟಕ ಮಂದಿರದಲ್ಲಿ 600ಕ್ಕೂ ಜಾಸ್ತಿ ಜನ ಸತ್ತ ಮೇಲೆ ಅಮೆರಿಕದಲ್ಲಿ ಬಳಕೆಗೆ ಬಂದ ಬೀಗ ಅದು. ಕಳ್ಳನಿಗೂ ಬೆಂಕಿಗೂ ಎರಡಕ್ಕೂ ಉತ್ತರ ಅದೇ. ನೋಟಿಸಿನ ಜೊತೆ ಇದನ್ನೂ ಹೇಳಿಕೊಡಿ.

ಹೆಜ್ಜೆ 6: ಕೇಳದಿದ್ದಾಗ

ಚಿಕ್ಕ ಊರಿನ ನಿಜವಾದ ಕಷ್ಟ ಇಲ್ಲಿದೆ. ಸಮಾರಂಭದ ಹಾಲ್ ಮಾಲೀಕರು ಆಡಳಿತ ಸಭೆಯ ಸದಸ್ಯರ ಭಾವ ಆಗಿರುತ್ತಾರೆ. ಲಾಡ್ಜಿನವರು ನಿಮ್ಮ ಜೊತೆ ಓದಿದವರು. ದಿನ ಬೆಳಗಾದರೆ ಮುಖ ನೋಡಬೇಕು. ಕಠಿಣವಾಗಿರಿ ಎಂದು ಹೇಳುವುದು ಸುಲಭ, ಇರುವುದು ಕಷ್ಟ. ಇದಕ್ಕೆ ಗಟ್ಟಿ ಮನಸ್ಸಿಗಿಂತ ಗಟ್ಟಿ ಪದ್ಧತಿ ಜಾಸ್ತಿ ಸಹಾಯ ಮಾಡುತ್ತದೆ. ಯಾರ ಸರದಿ ಯಾವಾಗ ಎಂಬ ಪಟ್ಟಿಯನ್ನು ವರ್ಷದ ಮೊದಲೇ ಸಭೆಯಲ್ಲಿ ಒಪ್ಪಿಸಿ, ಎಲ್ಲರಿಗೂ ಕಾಣುವಂತೆ ಹಾಕಿ. ಆಗ "ನನ್ನದಕ್ಕೇ ಯಾಕೆ ಬಂದಿರಿ" ಎಂಬ ಮಾತು ಬರುವುದಿಲ್ಲ. ತಪಾಸಣೆಗೆ ಇಬ್ಬರು ಹೋಗಿ, ಅಗ್ನಿಶಾಮಕ ದಳದ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ನಿಮ್ಮ ನೆಂಟರ ಕಟ್ಟಡವಾದರೆ ಪಕ್ಕದ ಊರಿನ ಅಧಿಕಾರಿಯನ್ನು ಕರೆಸಿ, ಅವರ ನೆಂಟರದ್ದಕ್ಕೆ ನೀವು ಹೋಗಿ. ಎರಡು ಮೂರು ಚಿಕ್ಕ ಊರುಗಳು ಸೇರಿ ಒಬ್ಬ ತರಬೇತಿ ಪಡೆದ ತಪಾಸಣಾಧಿಕಾರಿಯನ್ನು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಕ್ರಮ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಎರಡನೇ ನೋಟಿಸ್, ದಂಡ, ಲೈಸೆನ್ಸ್ ನವೀಕರಣ ತಡೆಯುವುದು, ಕೊನೆಗೆ ಬಳಕೆ ನಿಲ್ಲಿಸುವುದು. ಇವುಗಳಲ್ಲಿ ನವೀಕರಣ ತಡೆಯುವುದೇ ಜಾಸ್ತಿ ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ. ದಂಡವನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿ ಕಟ್ಟಿಬಿಡುತ್ತಾರೆ. ಲೈಸೆನ್ಸ್ ವಿಭಾಗದವರ ಜೊತೆ ಮಾತಾಡಿ, ಬೆಂಕಿ ತಪಾಸಣೆಯ ಚೀಟಿ ಇಲ್ಲದೆ ನವೀಕರಣ ಇಲ್ಲ ಎಂದು ಒಂದು ಸಾಲಿನ ಆದೇಶ ಮಾಡಿಸಿ.

ಕೆಲವಕ್ಕೆ ಈ ಮೆಟ್ಟಿಲುಗಳೇ ಬೇಡ. ಒಂದೇ ಬಾಗಿಲು, ಅದಕ್ಕೂ ಬೀಗ, ಒಳಗೆ ಜನ ಮಲಗುತ್ತಾರೆ ಎಂದರೆ ಅವತ್ತೇ ನಿಲ್ಲಿಸಬೇಕು. 2013ರ ಜನವರಿ 27ರಂದು ಬ್ರೆಜಿಲ್ಲಿನ ಸಾಂತಾ ಮರಿಯಾ ಊರಿನ ಕಿಸ್ ಕ್ಲಬ್ಬಿನಲ್ಲಿ 242 ಜನ ಸತ್ತರು. ಕಿಕ್ಕಿರಿದ ಆ ಜಾಗದಿಂದ ಹೊರಬರಲು ಒಂದೇ ದಾರಿ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸಿನ 2005ರ ಬೆಂಕಿ ಸುರಕ್ಷತಾ ಆದೇಶ ಇಲ್ಲಿ ಒಳ್ಳೆಯ ಮಾದರಿ. ಸರಿಪಡಿಸಿ ಎಂಬ ನೋಟಿಸಿನ ಮೇಲೆ ಮೇಲ್ಮನವಿ ಹಾಕಿದರೆ ತೀರ್ಪು ಬರುವವರೆಗೆ ಆ ನೋಟಿಸ್ ತಡೆಯಲ್ಲಿರುತ್ತದೆ. ಬಳಕೆ ನಿಲ್ಲಿಸಿ ಎಂಬ ನೋಟಿಸ್ ಮಾತ್ರ, ಕೋರ್ಟ್ ಬೇಡ ಎನ್ನುವವರೆಗೆ ಜಾರಿಯಲ್ಲೇ ಇರುತ್ತದೆ. ನಿಮ್ಮ ಊರಿನ ನಿಯಮದಲ್ಲಿ ಈ ವ್ಯತ್ಯಾಸ ಇದೆಯಾ ಎಂದು ವಕೀಲರ ಹತ್ತಿರ ಕೇಳಿ.

ನಿಲ್ಲಿಸುವಾಗಲೂ ಬೇಕಾದಷ್ಟನ್ನೇ ನಿಲ್ಲಿಸಿ. ಮೇಲಿನ ಮಹಡಿಗೆ ಒಂದೇ ಮೆಟ್ಟಿಲಿದ್ದರೆ ಮೇಲಿನ ಮಹಡಿ ಮಾತ್ರ ಮುಚ್ಚಿಸಿ, ಕೆಳಗಿನ ಅಂಗಡಿ ನಡೆಯಲಿ. ಅಲ್ಲಿ ವಾಸ ಇರುವವರಿದ್ದರೆ ರಾತ್ರಿ ಎಲ್ಲಿಗೆ ಹೋಗುತ್ತಾರೆ ಎಂದು ಮೊದಲು ಯೋಚಿಸಿ, ಜಾಗ ಗೊತ್ತು ಮಾಡಿ, ಆಮೇಲೆ ಬೀಗ ಹಾಕಿಸಿ. ಇಲ್ಲದಿದ್ದರೆ ಮುಂದಿನ ಸಲ ಬಾಡಿಗೆದಾರರೇ ನಿಮ್ಮಿಂದ ಅಪಾಯ ಮುಚ್ಚಿಡುತ್ತಾರೆ.

ಕಟ್ಟಡ ನಡೆಸುವವರಿಗೆ, ದೂರು ಕೊಡುವವರಿಗೆ

ನಿಮಗೆ ನೋಟಿಸ್ ಬಂದಿದ್ದರೆ ಅದನ್ನು ಡ್ರಾಯರಿಗೆ ಹಾಕಬೇಡಿ. ಅರ್ಥವಾಗದ ಸಾಲು ಇದ್ದರೆ ಫೋನ್ ಮಾಡಿ ಕೇಳಿ. ದಿನ ಸಾಲದಿದ್ದರೆ ಗಡುವು ಮುಗಿಯುವ ಮೊದಲು ಬರೆದು ಕೊಡಿ, ಮುಗಿದ ಮೇಲೆ ಅಲ್ಲ. ಮೊದಲು ದಾರಿ, ಆಮೇಲೆ ಉಳಿದದ್ದು. ದಾರಿ ಖಾಲಿ ಮಾಡುವುದಕ್ಕೆ ದುಡ್ಡು ಬೇಕಾಗುವುದಿಲ್ಲ.

ಬೇರೆಯವರ ಕಟ್ಟಡದಲ್ಲಿ ಅಪಾಯ ಕಂಡಿದ್ದರೆ ಬರೆದು ದೂರು ಕೊಡಿ. ಯಾವ ಕಟ್ಟಡ, ಯಾವ ಮಹಡಿ, ಯಾವ ಬಾಗಿಲು, ಯಾವ ದಿನ, ಎಷ್ಟು ಹೊತ್ತಿಗೆ ನೋಡಿದಿರಿ, ಆಗ ಒಳಗೆ ಸುಮಾರು ಎಷ್ಟು ಜನ ಇದ್ದರು. ಮಾಲೀಕರ ಬಗ್ಗೆ ನಿಮ್ಮ ಅಭಿಪ್ರಾಯ ಬೇಡ. ಫೋಟೋ ಇದ್ದರೆ ಸೇರಿಸಿ. ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಹತ್ತು ದಿನದ ಮೇಲೆ ಆ ಸಂಖ್ಯೆ ಹೇಳಿ ಎರಡು ಪ್ರಶ್ನೆ ಕೇಳಿ: ಯಾರು ಹೋಗಿ ನೋಡಿದರು? ಮತ್ತೆ ಯಾವಾಗ ಹೋಗುತ್ತಾರೆ? ಎರಡನೆಯದಕ್ಕೆ ತಾರೀಕು ಸಿಗುವವರೆಗೆ ಕೇಳುತ್ತಾ ಇರಿ.